ಮಕ್ಕಳಿಗೆ ಕೊರಿಯನ್ ಕಲಿಸುವವರೇ, ಇಂಗ್ಲಿಷಿನ ಬದಲು ಕನ್ನಡದ ಮೂಲಕ ಕಲಿಸೋಣ

ಮಲ್ಲೇಶ್ವರದ ಕೊರಿಯನ್ ಟೀಚರ್

ನಾನು ಬೆಂಗಳೂರಿನಲ್ಲಿ ಐದರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ವಾರದ ಕೊನೆಯಲ್ಲಿ ಕೊರಿಯನ್ ಹೇಳಿಕೊಡುತ್ತೇನೆ. ಜಾಸ್ತಿ ಮಕ್ಕಳು ಕೊರಿಯಾದ ಬಿಟಿಎಸ್ ತಂಡದ ಹಾಡು ಕೇಳಿ, ಅಲ್ಲಿನ ಟಿವಿ ಡ್ರಾಮಾ ನೋಡಿ ಬಂದವರು. ಕೆಲವರ ಅಪ್ಪ ಅಮ್ಮ ಕೊರಿಯಾದ ಕಂಪನಿಗಳಲ್ಲಿ ಇದ್ದಾರೆ. ಯಾವ ಕಾರಣಕ್ಕೆ ಬಂದರೂ ನನಗೆ ಖುಷಿಯೇ. ನಾನು ಮಾತಾಡಬೇಕು ಅಂದುಕೊಂಡಿರುವುದು ಕಲಿಸುವ ರೀತಿಯ ಬಗ್ಗೆ.

ನಮಗೆ ಸಿಗುವ ಪುಸ್ತಕ, ಆ್ಯಪ್, ವಿಡಿಯೊ ಎಲ್ಲವೂ ಇಂಗ್ಲಿಷ್ ಮೂಲಕ ಕಲಿಸುತ್ತವೆ. ಮೊದಲು ಕೊರಿಯನ್ ಪದವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ. ಆಮೇಲೆ ವಾಕ್ಯವನ್ನು ಇಂಗ್ಲಿಷ್ ವಾಕ್ಯದ ಪಕ್ಕ ಇಟ್ಟು, 'ನೋಡಿ, ಇಲ್ಲಿ ಎಲ್ಲ ಉಲ್ಟಾ' ಅನ್ನುತ್ತಾರೆ. ಇಂಗ್ಲಿಷ್ ಮನೆಮಾತಿನವರಿಗೆ ಅದು ಉಲ್ಟಾ, ನಿಜ. ನಮ್ಮ ಮಕ್ಕಳಿಗೆ ಯಾಕೆ ಉಲ್ಟಾ ಆಗಬೇಕು? 'ನನುನ್ ಹಕ್ಕ್ಯೊಎ ಕಯೊ' ಅಂದರೆ 'ನಾನು ಶಾಲೆಗೆ ಹೋಗುತ್ತೇನೆ'. ಪದ ಪದವೂ ಅದೇ ಜಾಗದಲ್ಲಿದೆ. ಕ್ರಿಯಾಪದ ಕೊನೆಗೆ. 'ಗೆ' ಅನ್ನುವ ಅಂಟು ಶಾಲೆಯ ಹಿಂದೆಯೇ. ಇದನ್ನು ಮಗು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಕೊರಿಯನ್ನಿಗೆ ತಿರುಗಿಸುವುದು ಸುಮ್ನೆ ಎರಡು ಸಲ ಕಷ್ಟ ಪಟ್ಟ ಹಾಗೆ.

ಒಂದು ಕಡೆಯಂತೂ ಕೊರಿಯನ್ ನಮ್ಮದಕ್ಕಿಂತ ಸುಲಭ. ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತದೆ ಎಂದು ನಾವು ಬಾಲ ಬದಲಿಸುತ್ತೇವೆ. ಅಲ್ಲಿ ಎಲ್ಲದಕ್ಕೂ 'ಕಯೊ' ಸಾಕು. ಮಕ್ಕಳಿಗೆ ಇದನ್ನು ಹೇಳಿದರೆ ಮುಖ ಅರಳುತ್ತದೆ.

ಅಕ್ಷರದ ವಿಷಯಕ್ಕೆ ಬರೋಣ. ಹಂಗುಲ್ ಲಿಪಿಯನ್ನು ರಾಜ ಸೆಜೊಂಗ್ 1443ರಲ್ಲಿ ಸಿದ್ಧಪಡಿಸಿ 1446ರಲ್ಲಿ ಜನರ ಮುಂದಿಟ್ಟ. ಅದಕ್ಕೂ ಮುಂಚೆ ಕೊರಿಯನ್ನರು ಚೀನೀ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಓದಿದವರಿಗೆ ಬಿಟ್ಟರೆ ಯಾರಿಗೂ ಅದು ಬರುತ್ತಿರಲಿಲ್ಲ. ಹೊಸ ಲಿಪಿಯಲ್ಲಿ ಮೊದಲು 28 ಅಕ್ಷರ ಇದ್ದವು, ಈಗ ಬಳಕೆಯಲ್ಲಿರುವ ಮೂಲ ಅಕ್ಷರಗಳು 24. 14 ವ್ಯಂಜನ, 10 ಸ್ವರ. ಅವುಗಳನ್ನು ಕೂಡಿಸಿ ಮಾಡಿದವೂ ಸೇರಿದರೆ 40. ವ್ಯಂಜನದ ಆಕಾರಗಳು ಬಾಯಿಯೊಳಗಿನ ಚಿತ್ರಗಳು. 'ನ' ಹೇಳುವಾಗ ನಾಲಿಗೆಯ ತುದಿ ಮೇಲಕ್ಕೆ ಹೋಗುತ್ತದಲ್ವಾ, ಅಕ್ಷರವೂ ಹಾಗೇ ಬಾಗಿದೆ. 'ಮ' ಅಕ್ಷರ ಬಾಯಿಯ ಚೌಕ. 'ಸ' ಹಲ್ಲು. ಉಸಿರು ಜಾಸ್ತಿ ಬೇಕಾದ ಅಕ್ಷರಕ್ಕೆ ಒಂದು ಗೆರೆ ಜಾಸ್ತಿ. ನಮ್ಮ ಮಕ್ಕಳು ಒಂದನೇ ಕ್ಲಾಸಿನಲ್ಲೇ ಕ ಖ ಗ ಘ ಙ ಎಂದು ಗಂಟಲಿನಿಂದ ತುಟಿಯವರೆಗೆ ಸಾಲಾಗಿ ಹೇಳಿದವರು. ಧ್ವನಿ ಎಲ್ಲಿ ಹುಟ್ಟುತ್ತದೆ ಎಂಬ ಲೆಕ್ಕ ಅವರಿಗೆ ಹೊಸದಲ್ಲ. ವರ್ಗೀಯ ವ್ಯಂಜನದ ಕೋಷ್ಟಕವನ್ನು ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಹಂಗುಲ್ ಬರೆಯಿರಿ. ಅರ್ಧ ಕೆಲಸ ಮುಗಿಯಿತು.

ನೀವೆಲ್ಲ ಹೇಗೆ ಕಲಿಸುತ್ತಿದ್ದೀರಿ, ನಿಮ್ಮ ಮಕ್ಕಳು ಹೇಗೆ ಕಲಿತರು, ಬರೆಯಿರಿ.

ಸಾಗರದಿಂದ ಒಬ್ಬ ಓದುಗ

ಟೀಚರ್, ನೇರವಾಗಿ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮ ಮಕ್ಕಳಿಗೆ ಕನ್ನಡ ಓದುವುದೇ ಕಷ್ಟವಾಗಿದೆ. ಅಂಗಡಿಯ ಬೋರ್ಡು ಓದು ಅಂದರೆ ಇಂಗ್ಲಿಷ್ ಕಡೆ ನೋಡುತ್ತಾರೆ. ಅಂಥದ್ದರಲ್ಲಿ ಕೊರಿಯನ್ ಯಾಕೆ? ಇನ್ನೊಂದು ಭಾಷೆ ಕಲಿಯುವುದು ತಪ್ಪು ಅನ್ನುತ್ತಿಲ್ಲ. ಯಾವುದು ಮೊದಲು ಅನ್ನುವುದು ನನ್ನ ಪ್ರಶ್ನೆ.

ಮಲ್ಲೇಶ್ವರದ ಕೊರಿಯನ್ ಟೀಚರ್

ಬೇಜಾರೇನಿಲ್ಲ ಸರ್, ಈ ಪ್ರಶ್ನೆ ಬರಲೇಬೇಕಿತ್ತು. ಕನ್ನಡವೇ ಮೊದಲು. ಅದಕ್ಕೇ ನಾನು ಕನ್ನಡದ ಮೂಲಕ ಕಲಿಸಬೇಕು ಅನ್ನುತ್ತಿರುವುದು. 'ಶಾಲೆಗೆ', 'ಶಾಲೆಯಲ್ಲಿ', 'ಶಾಲೆಯಿಂದ' ಇವುಗಳ ವ್ಯತ್ಯಾಸವನ್ನು ಮಗು ಕೊರಿಯನ್ ಕ್ಲಾಸಿನಲ್ಲಿ ಕೂತು ಯೋಚಿಸುತ್ತದೆ. ಇಂಗ್ಲಿಷ್ ಮೀಡಿಯಂನ ಎಷ್ಟೋ ಮಕ್ಕಳು ತಮ್ಮ ಭಾಷೆಯ ವಿಭಕ್ತಿಯನ್ನು ಗಮನ ಕೊಟ್ಟು ನೋಡುವುದು ಇಲ್ಲೇ ಮೊದಲು. ನನ್ನ ಕ್ಲಾಸಿನಲ್ಲಿ ಕನ್ನಡ ಅಕ್ಷರ ಓದಲು ಬಾರದ ಮಗು ಇದ್ದರೆ ಮೊದಲು ಆ ಮಗುವಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇನೆ. ಆಮೇಲೆ ಹಂಗುಲ್.

ಇನ್ನೊಂದು ಮಾತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಪ್ರೌಢಶಾಲೆ ಹಂತದಲ್ಲಿ ಕಲಿಸಬಹುದಾದ ವಿದೇಶಿ ಭಾಷೆಗಳ ಉದಾಹರಣೆಯಾಗಿ ಕೊರಿಯನ್ ಹೆಸರೂ ಇದೆ. ಜಪಾನಿ, ಥಾಯ್, ಫ್ರೆಂಚ್, ಜರ್ಮನ್ ಜೊತೆಗೆ. ಅಂದರೆ ಮುಂದೆ ಶಾಲೆಗಳಲ್ಲೂ ಇದು ಬರಬಹುದು. ಬಂದಾಗ ಇಂಗ್ಲಿಷ್ ಪುಸ್ತಕ ಹಿಡಿದುಕೊಂಡೇ ಬರುತ್ತದೆ. ಅದಕ್ಕೂ ಮುಂಚೆ ಕನ್ನಡದಲ್ಲಿ ಪಾಠ ಸಿದ್ಧ ಇರಲಿ ಎನ್ನುವುದು ನನ್ನ ಆಸೆ.

ಸುವೋನ್‌ನಲ್ಲಿರುವ ಅಮ್ಮ

ನಮಸ್ಕಾರ. ನಾವು ದಕ್ಷಿಣ ಕೊರಿಯಾದ ಸುವೋನ್‌ನಲ್ಲಿದ್ದೇವೆ. ಯಜಮಾನರ ಕೆಲಸಕ್ಕಾಗಿ ಬಂದವರು. ಮಗಳು ಇಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಾಳೆ. ಇಲ್ಲಿ ಶಾಲೆ ಮಾರ್ಚ್‌ನಲ್ಲಿ ಶುರು. ಆರು ವರ್ಷ ಪ್ರಾಥಮಿಕ, ಮೂರು ವರ್ಷ ಮಾಧ್ಯಮಿಕ, ಮೂರು ವರ್ಷ ಪ್ರೌಢ. ಇಲ್ಲಿನ ಮಕ್ಕಳಿಗೇ ಕೊರಿಯನ್ ಹೇಗೆ ಕಲಿಸುತ್ತಾರೆ ಅಂತ ಬರೆದರೆ ನಿಮಗೆ ಉಪಯೋಗ ಆಗಬಹುದು.

ಮೊದಲನೇದು ಉಕ್ತಲೇಖನ. ಅದಕ್ಕೆ ಬದಸ್ಸುಗಿ ಎನ್ನುತ್ತಾರೆ. ಟೀಚರ್ ವಾಕ್ಯ ಹೇಳುತ್ತಾರೆ, ಮಕ್ಕಳು ಕೇಳಿ ಬರೆಯುತ್ತಾರೆ. ಒಂದನೇ, ಎರಡನೇ ಕ್ಲಾಸಿನಲ್ಲಿ ಇದಕ್ಕೆ ತುಂಬ ಮಹತ್ವ. ಹಂಗುಲ್ ಸುಲಭ ಎಂದು ಎಲ್ಲರೂ ಹೇಳುತ್ತಾರೆ, ಓದುವುದಕ್ಕೆ ಸುಲಭವೇ. ಆದರೆ ಬರೆದದ್ದು ಒಂದು, ಬಾಯಲ್ಲಿ ಬರುವುದು ಇನ್ನೊಂದು ಆಗುವ ಕಡೆಗಳು ಬಹಳ. ಒಂದು ಅಕ್ಷರದ ಕೊನೆಯ ವ್ಯಂಜನ ಮುಂದಿನ ಅಕ್ಷರಕ್ಕೆ ಜಾರಿಕೊಳ್ಳುತ್ತದೆ. 'ಕ್' ಮುಂದೆ 'ನ' ಅಥವಾ 'ಮ' ಬಂದರೆ 'ಙ್' ಆಗುತ್ತದೆ. ಕೇಳಿದ ಹಾಗೆ ಬರೆದರೆ ಅಂಕ ಹೋಗುತ್ತದೆ. ಪದಗಳ ನಡುವೆ ಜಾಗ ಬಿಡುವುದಕ್ಕೂ ನಿಯಮ ಇದೆ, ಅದನ್ನೂ ನೋಡುತ್ತಾರೆ.

ಚಿಕ್ಕ ಮಕ್ಕಳು ಬರೆಯುವುದು ಚೌಕುಳಿ ನೋಟ್‌ಬುಕ್ಕಿನಲ್ಲಿ. ಒಂದು ಚೌಕಕ್ಕೆ ಒಂದು ಅಕ್ಷರಗುಚ್ಛ, ಅಂದರೆ ವ್ಯಂಜನ, ಸ್ವರ ಕೂಡಿಸಿ ಒಟ್ಟಿಗೆ ಬರೆದ ಒಂದು ಉಚ್ಚಾರ. ಇದನ್ನು ಎಲ್ಲರೂ ಕರೆಯುವುದು 'ಕ್ಕಕ್ತುಗಿ' ನೋಟ್‌ಬುಕ್ ಅಂತ. ಕ್ಕಕ್ತುಗಿ ಎಂದರೆ ಮೂಲಂಗಿಯನ್ನು ಚೌಕ ಚೌಕ ಹೆಚ್ಚಿ ಹಾಕಿದ ಕಿಮ್ಚಿ, ಇಲ್ಲಿನ ಉಪ್ಪಿನಕಾಯಿ. ನಮ್ಮ ಕಡೆಯ ಚೌಕುಳಿ ಗಣಿತದ ಪುಸ್ತಕ ಸಾಕು ಟೀಚರ್, ಅದರಲ್ಲೇ ಬರೆಸಿ. ಅಕ್ಷರದ ಅಳತೆ ತಾನಾಗಿಯೇ ಸರಿಹೋಗುತ್ತದೆ.

ಆಮೇಲೆ ಚಿತ್ರದ ಡೈರಿ, ಗುರಿಮ್ ಇಲ್ಗಿ. ಪುಟದ ಮೇಲರ್ಧ ಚಿತ್ರ, ಕೆಳಗೆ ನಾಲ್ಕೈದು ಸಾಲು. ಇವತ್ತಿನ ಹವೆ ಹೇಗಿತ್ತು, ಏನು ತಿಂದೆ, ಯಾರ ಜೊತೆ ಆಡಿದೆ. ನನಗೆ ಇದು ಬಹಳ ಹಿಡಿಸಿದೆ. ಮಗುವಿಗೆ ಬರೆಯಲು ಏನಾದರೂ ಇರುತ್ತದೆ, ಪದ ಸಾಲದೇ ಹೋದರೆ ಚಿತ್ರ ಹೇಳುತ್ತದೆ.

ಸಂಸ್ಕೃತಿ ಅಂತ ಬೇರೆ ಪಾಠ ಮಾಡುವುದು ನಾನು ಕಂಡಿಲ್ಲ. ಅದು ದಿನದ ನಡವಳಿಕೆಯಲ್ಲೇ ಬರುತ್ತದೆ. ಶಾಲೆಯೊಳಗೆ ಹೋಗುವಾಗ ಹೊರಗಿನ ಬೂಟು ಬಿಚ್ಚಿ ಒಳಗಿನ ಬೂಟು ಹಾಕಿಕೊಳ್ಳಬೇಕು. ಊಟಕ್ಕೆ ಮುಂಚೆ 'ಚಲ್ ಮೊಕ್ಕೆಸ್ಸುಮ್ನಿದ', ಚೆನ್ನಾಗಿ ಊಟ ಮಾಡುತ್ತೇನೆ ಎಂದು ಹೇಳಬೇಕು. ದೊಡ್ಡವರಿಗೆ ಏನಾದರೂ ಕೊಡುವಾಗ ಎರಡೂ ಕೈ. ಟೀಚರನ್ನು ಹೆಸರು ಹಿಡಿದು ಕರೆಯುವ ಹಾಗಿಲ್ಲ, ಸೊನ್‌ಸೆಂಗ್‌ನಿಮ್ ಅನ್ನಬೇಕು. ನಮ್ಮ ಮಗಳಿಗೆ ಇದ್ಯಾವುದೂ ಕಷ್ಟ ಆಗಲಿಲ್ಲ. ಮನೆಯಲ್ಲಿ ಚಪ್ಪಲಿ ಹೊರಗೆ ಬಿಡುತ್ತೇವೆ, ಮೇಷ್ಟ್ರ ಹೆಸರು ಹೇಳುವುದಿಲ್ಲ. ಕಷ್ಟ ಆಗಿದ್ದು ಒಂದೇ. ಇಲ್ಲಿ ಒಂದು ವರ್ಷ ದೊಡ್ಡವರಾದರೂ ಹೆಸರು ಹಿಡಿಯುವ ಹಾಗಿಲ್ಲ. ಹುಡುಗಿ ತನಗಿಂತ ದೊಡ್ಡ ಹುಡುಗಿಯನ್ನು 'ಒನ್ನಿ' ಅನ್ನಬೇಕು, ದೊಡ್ಡ ಹುಡುಗನನ್ನು 'ಒಪ್ಪ'. ಹುಡುಗನಾದರೆ 'ನೂನ', 'ಹ್ಯೊಂಗ್'. ಕರೆಯುವವರು ಹುಡುಗನೋ ಹುಡುಗಿಯೋ ಎಂಬುದರ ಮೇಲೂ ಪದ ಬದಲಾಗುತ್ತದೆ.

ಹೊರದೇಶದ ಮಕ್ಕಳಿಗೆ ಪ್ರತ್ಯೇಕ ಕೊರಿಯನ್ ತರಗತಿ ಇರುವ ಶಾಲೆಗಳೂ ಇವೆ. ಬೇರೆ ದೇಶದವರನ್ನು ಮದುವೆಯಾದ ಕುಟುಂಬಗಳಿಗಾಗಿ 2008ರಲ್ಲಿ ಕಾನೂನೇ ಬಂತು. ನಮ್ಮ ಮಗಳು ಕ್ಲಾಸಿನ ಮಧ್ಯೆ ಎದ್ದು ಆ ತರಗತಿಗೆ ಹೋಗಿ ಬರುತ್ತಿದ್ದಳು. ಅಲ್ಲಿ ಪಾಠಕ್ಕಿಂತ ಜಾಸ್ತಿ ಉಪಕಾರವಾಗಿದ್ದು ಮಧ್ಯಾಹ್ನ ಆಟದ ಮೈದಾನ.

ಮೈಸೂರಿನ ಭಾಷಾಶಾಸ್ತ್ರ ವಿದ್ಯಾರ್ಥಿ

ಟೀಚರ್ ಹೇಳಿದ್ದಕ್ಕೆ ನನ್ನ ಪೂರ್ತಿ ಬೆಂಬಲ. ಆದರೆ ಒಂದು ಎಚ್ಚರಿಕೆ ಬೇಕು. ಇಂಥ ಚರ್ಚೆ ಶುರುವಾದ ಕೂಡಲೇ ಯಾರಾದರೂ 'ಕೊರಿಯನ್ನರೂ ಅಪ್ಪ, ಅಮ್ಮ ಅನ್ನುತ್ತಾರೆ, ಹಾಗಾಗಿ ಕೊರಿಯನ್ ದ್ರಾವಿಡ ಭಾಷೆ' ಅನ್ನುತ್ತಾರೆ. 1905ರಲ್ಲಿ ಹೋಮರ್ ಹಲ್ಬರ್ಟ್ ಎಂಬ ಅಮೆರಿಕನ್ ಮಿಷನರಿ ಕೊರಿಯನ್ ಮತ್ತು ದ್ರಾವಿಡ ಭಾಷೆಗಳನ್ನು ಹೋಲಿಸಿ ಪುಸ್ತಕವನ್ನೇ ಬರೆದರು. ಇವತ್ತಿನ ಭಾಷಾವಿಜ್ಞಾನಿಗಳು ಆ ನಂಟನ್ನು ಒಪ್ಪುವುದಿಲ್ಲ. ಅಪ್ಪ ಅಮ್ಮನಂಥ ಪದಗಳು ಮಗುವಿನ ಬಾಯಲ್ಲಿ ಸುಲಭವಾಗಿ ಹುಟ್ಟುತ್ತವೆ, ಲೋಕದ ಎಷ್ಟೋ ಭಾಷೆಗಳಲ್ಲಿ ಹಾಗಿವೆ. ವಾಕ್ಯದ ಜೋಡಣೆ ಒಂದೇ ಥರ ಇರುವುದು ಜಪಾನಿ, ಟರ್ಕಿ ಭಾಷೆಗಳಲ್ಲೂ ಉಂಟು. ಹೋಲಿಕೆ ಕಲಿಯಲು ಸಹಾಯ ಮಾಡುತ್ತದೆ, ಅಷ್ಟು ಸಾಕು. ಮಕ್ಕಳ ತಲೆಗೆ ರಕ್ತಸಂಬಂಧದ ಕಥೆ ತುಂಬಬೇಡಿ.

ಹಾಗೇ ರಾಣಿ ಹೊ ಹ್ವಾಂಗ್-ಓಕ್ ಕಥೆ. 13ನೇ ಶತಮಾನದಲ್ಲಿ ಇರ್ಯೊನ್ ಎಂಬ ಭಿಕ್ಷು ಬರೆದ ಸಂಗ್ರಹದಲ್ಲಿ, ಆಯುತ ಎಂಬ ದೇಶದ ರಾಜಕುಮಾರಿ ಕ್ರಿ.ಶ. 48ರಲ್ಲಿ ಹಡಗಿನಲ್ಲಿ ಬಂದು ಕೊರಿಯಾದ ಗಯಾ ರಾಜ್ಯದ ಸುರೊ ರಾಜನನ್ನು ಮದುವೆಯಾದಳು ಎಂದಿದೆ. ಆಯುತ ಎಂದರೆ ಅಯೋಧ್ಯೆ ಎಂದು ನಂಬಿ 2001ರಲ್ಲಿ ಅಲ್ಲಿ ಸ್ಮಾರಕ ಕಟ್ಟಿದರು. ಅಲ್ಲ, ಅದು ತಮಿಳುನಾಡು ಎನ್ನುವವರೂ ಇದ್ದಾರೆ. ಕಥೆ ಚೆನ್ನಾಗಿದೆ, ಮಕ್ಕಳಿಗೆ ಹೇಳಿ. ಐತಿಹ್ಯ ಅಂತ ಹೇಳಿ, ಇತಿಹಾಸ ಅಂತಲ್ಲ.

ಈಗ ಧ್ವನಿಗಳ ವಿಷಯ. ಕನ್ನಡದ ಮಕ್ಕಳು ನಿಜವಾಗಿ ಎಡವುವುದು ಇಲ್ಲಿ. ಕೊರಿಯನ್ನಲ್ಲಿ ಕ, ಗ ಎರಡಕ್ಕೂ ಬೇರೆ ಬೇರೆ ಅಕ್ಷರ ಇಲ್ಲ. ಒಂದೇ ಅಕ್ಷರ ಪದದ ಮೊದಲಲ್ಲಿ 'ಕ' ಥರ, ಸ್ವರಗಳ ನಡುವೆ 'ಗ' ಥರ ಕೇಳುತ್ತದೆ. ಬೂಸಾನ್ ಅನ್ನಬೇಕೋ ಪೂಸಾನ್ ಅನ್ನಬೇಕೋ ಎಂಬ ಗೊಂದಲ ಬರುವುದು ಇದರಿಂದಲೇ. ಬೆಂಗಳೂರಿನ ಕ್ಲಾಸಿನಲ್ಲಿ ತಮಿಳು ಓದಲು ಬರುವ ಮಗು ಇದ್ದೇ ಇರುತ್ತದೆ. ಅದಕ್ಕೆ ಈ ಪದ್ಧತಿ ಗೊತ್ತು, ತಮಿಳಿನಲ್ಲೂ ಹೀಗೇ. ಆ ಮಗುವಿನಿಂದಲೇ ಉಳಿದವರಿಗೆ ಹೇಳಿಸಿ.

ಇದರ ಜೊತೆಗೆ ಇನ್ನೆರಡು ಇವೆ. ಒಂದು ಉಸಿರಿನದು, ನಮ್ಮ ಮಹಾಪ್ರಾಣಕ್ಕೆ ಹತ್ತಿರ. ನಾವು ಬರೆಯುವಾಗ ಮಹಾಪ್ರಾಣ ಇಟ್ಟರೂ ಮಾತಿನಲ್ಲಿ ಊದುವುದಿಲ್ಲ. ಇಲ್ಲಿ ನಿಜವಾಗಿ ಊದಬೇಕು. ಬಾಯಿಯ ಮುಂದೆ ತೆಳು ಕಾಗದ ಹಿಡಿದರೆ ಅಲ್ಲಾಡಬೇಕು. ಇನ್ನೊಂದು ಬಿಗಿ ಧ್ವನಿ. 'ಅಕ್ಕ', 'ಅಪ್ಪ', 'ಅತ್ತೆ' ಹೇಳುವಾಗ ನಡುವೆ ಬರುವ ಬಿಗಿ. ಅದನ್ನು ಪದದ ಮೊದಲಲ್ಲೇ ತರಬೇಕು. 'ತಲ್' ಎಂದರೆ ಚಂದ್ರ, ಊದಿ 'ಥಲ್' ಎಂದರೆ ಮುಖವಾಡ, ಬಿಗಿಹಿಡಿದು 'ತ್ತಲ್' ಎಂದರೆ ಮಗಳು. ಮೂರು ಚಿತ್ರದ ಚೀಟಿ ಮಾಡಿ. ಒಬ್ಬರು ಹೇಳಲಿ, ಇನ್ನೊಬ್ಬರು ಚೀಟಿ ಎತ್ತಲಿ. ಇಂಗ್ಲಿಷ್ ಮಾತಾಡುವವರಿಗೆ ಈ ಬಿಗಿ ಧ್ವನಿ ಹಿಡಿಯಲು ಬಹಳ ದಿನ ಬೇಕು. ನಮಗೆ ದ್ವಿತ್ವಾಕ್ಷರ ಇರುವುದರಿಂದ ಬೇಗ ಬರುತ್ತದೆ.

ಮಲ್ಲೇಶ್ವರದ ಕೊರಿಯನ್ ಟೀಚರ್

ಚಂದ್ರ, ಮುಖವಾಡ, ಮಗಳು! ಈ ಶನಿವಾರವೇ ಚೀಟಿ ಮಾಡಿಸುತ್ತೇನೆ. ಥ್ಯಾಂಕ್ಸ್.

ಇದಕ್ಕೆ ಒತ್ತಿನ ವಿಷಯ ಸೇರಿಸುತ್ತೇನೆ. ಹಂಗುಲ್‌ನಲ್ಲಿ ಅಕ್ಷರಗುಚ್ಛದ ಕೆಳಗೆ ಬರುವ ವ್ಯಂಜನಕ್ಕೆ ಬಚ್ಚಿಮ್ ಎನ್ನುತ್ತಾರೆ. ಕೆಳಗೆ ಬರೆಯುವುದು ನಮ್ಮ ಮಕ್ಕಳಿಗೆ ರೂಢಿಯೇ, ಒತ್ತಕ್ಷರ ಬರೆಯುತ್ತಾರಲ್ಲ. ಆದರೆ ಕತ್ತರಿಸುವ ಜಾಗ ಬೇರೆ. ನಾವು 'ಅಮ್ಮ' ಬರೆಯುವಾಗ 'ಅ' ಒಂದು ಕಡೆ, 'ಮ್ಮ' ಒಂದು ಕಡೆ. ಕೊರಿಯನ್ನರು 'ಒಮ್ಮ' ಬರೆಯುವಾಗ 'ಒಮ್' ಒಂದು ಗುಚ್ಛ, 'ಮ' ಇನ್ನೊಂದು. ಕೆಳಗಿರುವುದು ಆ ಅಕ್ಷರವನ್ನು ಮುಚ್ಚುವ ಧ್ವನಿ, ಮುಂದಿನದನ್ನು ಶುರು ಮಾಡುವುದಲ್ಲ. ಇದನ್ನು ಮೊದಲ ದಿನವೇ ಸ್ಪಷ್ಟ ಮಾಡದಿದ್ದರೆ ಮಕ್ಕಳು ಒತ್ತಕ್ಷರದ ಹಾಗೆ ಓದಿಬಿಡುತ್ತಾರೆ.

ಇನ್ನು ಮುಚ್ಚುವ ಧ್ವನಿ. ನಮ್ಮ ಪದಗಳು ಸ್ವರದಲ್ಲಿ ಮುಗಿಯುತ್ತವೆ. ಬಸ್ಸು, ಕಾರು, ಪೆನ್ನು. ಹಾಗಾಗಿ ಅನ್ನಕ್ಕೆ 'ಪಪ್' ಎನ್ನುವ ಬದಲು 'ಪಾಪು' ಎನ್ನುತ್ತಾರೆ. ತುಟಿ ಮುಚ್ಚಿ ಹಾಗೇ ನಿಲ್ಲಿಸಬೇಕು, ಬಿಡಬಾರದು. ಹಾಗೇ ಕೊನೆಯ 'ಙ್'. 'ಅನ್ಯೊಂಗ್' ಎಂದು ಬರೆಯುವುದರಿಂದ ಮಕ್ಕಳು ಕೊನೆಗೆ 'ಗ್' ಸೇರಿಸುತ್ತಾರೆ. ಅಲ್ಲಿ 'ಗ್' ಇಲ್ಲ. ವರ್ಣಮಾಲೆಯಲ್ಲಿ ಇದ್ದೂ ನಾವು ಯಾವತ್ತೂ ಒಂಟಿಯಾಗಿ ಬಳಸದ 'ಙ' ಇಲ್ಲಿ ಕೆಲಸಕ್ಕೆ ಬರುತ್ತದೆ.

ಕನ್ನಡ ಲಿಪಿಯಲ್ಲೂ ಎಲ್ಲ ಹಿಡಿಯಲು ಆಗುವುದಿಲ್ಲ, ಅದನ್ನೂ ಹೇಳಬೇಕು. ಎರಡು ಸ್ವರಗಳಿಗೆ ನಮ್ಮಲ್ಲಿ ಅಕ್ಷರವೇ ಇಲ್ಲ. ಒಂದು, ತುಟಿ ಅಗಲ ಮಾಡಿ ಹೇಳುವ 'ಉ'. ಇನ್ನೊಂದು, 'ಅ'ಗೂ 'ಒ'ಗೂ ನಡುವಿನದು. 'ಒಮ್ಮ' ಎಂದು ನಾನು ಬರೆದದ್ದರಲ್ಲಿ ಇರುವುದು ಇದೇ ಸ್ವರ. ಆದ್ದರಿಂದ ಕನ್ನಡ ಲಿಪಿ ಮೊದಲ ಕೆಲವು ಕ್ಲಾಸಿಗೆ ಮಾತ್ರ. ಆಮೇಲೆ ಹಂಗುಲ್ ಬಿಟ್ಟು ಬೇರೆ ಏನೂ ಬರೆಯಬಾರದು.

ಹುಬ್ಬಳ್ಳಿ ಟೇಕ್ವಾಂಡೊ ಕೋಚ್

ನಮಸ್ಕಾರ ರೀ ಎಲ್ಲರಿಗೂ. ನಾನು ಭಾಷೆ ಕಲಿಸುವವನಲ್ಲ. ಆದರೆ ನಮ್ಮ ಹುಡುಗರು ಕೊರಿಯನ್ ಶಬ್ದ ದಿನಾ ಕೂಗುತ್ತಾರೆ. ಚರ್ಯೊತ್ ಅಂದರೆ ನೆಟ್ಟಗೆ ನಿಲ್ಲು. ಕ್ಯೊಂಗ್ನೆ ಅಂದರೆ ಬಾಗಿ ನಮಸ್ಕಾರ. ಶಿಜಕ್ ಶುರು, ಕುಮನ್ ನಿಲ್ಲಿಸು. ಒದೆ ಎಣಿಸುವಾಗ ಹನ, ತುಲ್, ಸೆತ್, ನೆತ್, ತಸೊತ್.

ಟೀಚರ್, ನಿಮಗೆ ಒಂದು ಉಪಯೋಗ ಆಗಬಹುದು. ಕೊರಿಯನ್ನಲ್ಲಿ ಎಣಿಕೆ ಎರಡು ಥರ ಅಂತಾರಲ್ಲ, ಎರಡೂ ನಮ್ಮಲ್ಲಿವೆ. ಒದೆ ಎಣಿಸುವುದು ಹನ, ತುಲ್, ಸೆತ್. ಪೂಮ್ಸೆ ಅಂದರೆ ಕ್ರಮವಾಗಿ ಮಾಡುವ ಚಲನೆಗಳ ಸರಣಿ, ಅವುಗಳ ಹೆಸರು ತೆಗುಕ್ ಇಲ್ ಜಾಂಗ್, ಇ ಜಾಂಗ್, ಸಮ್ ಜಾಂಗ್. ಬೆಲ್ಟ್‌ನಲ್ಲೂ ಇಲ್ ದನ್, ಇ ದನ್. ಮೊದಲನೆಯದು ಅವರ ಸ್ವಂತ ಎಣಿಕೆ, ಎರಡನೆಯದು ಚೀನಾದಿಂದ ಬಂದದ್ದು. ನಮ್ಮಲ್ಲಿ ಒಂದು, ಎರಡು, ಮೂರು ಎಂದೂ ಪ್ರಥಮ, ದ್ವಿತೀಯ, ತೃತೀಯ ಎಂದೂ ಇರುವ ಹಾಗೆ ಅಂದುಕೊಳ್ಳಿ. ಟೇಕ್ವಾಂಡೊ ಕಲಿತ ಮಗು ನಿಮ್ಮ ಕ್ಲಾಸಿಗೆ ಬಂದರೆ ಎರಡೂ ಅರ್ಧ ಗೊತ್ತಿರುತ್ತದೆ.

ಮಲ್ಲೇಶ್ವರದ ಕೊರಿಯನ್ ಟೀಚರ್

ಸರ್, ಇದು ನನಗೆ ಹೊಳೆದಿರಲೇ ಇಲ್ಲ. ಗಡಿಯಾರ ಕಲಿಸುವಾಗ ಇದೇ ದೊಡ್ಡ ತಲೆನೋವು. ಗಂಟೆಗೆ ಒಂದು ಎಣಿಕೆ, ನಿಮಿಷಕ್ಕೆ ಇನ್ನೊಂದು. ಮೂರೂವರೆ ಗಂಟೆ ಎಂದರೆ 'ಸೆ ಶಿ, ಸಮ್ಶಿಪ್ ಪುನ್'. ಒಂದೇ ಮಾತಿನಲ್ಲಿ ಎರಡು ಬಗೆಯ ಮೂರು.

ನ್ಯೂಜೆರ್ಸಿ ಕನ್ನಡಿಗ

ನಾನು ಇಲ್ಲಿ ವಾರಾಂತ್ಯದ ಕನ್ನಡ ತರಗತಿಯಲ್ಲಿ ಸ್ವಯಂಸೇವಕ. ನಮ್ಮ ಬರ್ಗೆನ್ ಕೌಂಟಿಯ ಪ್ಯಾಲಿಸೇಡ್ಸ್ ಪಾರ್ಕ್, ಫೋರ್ಟ್ ಲೀ ಕಡೆ ಕೊರಿಯನ್ನರು ತುಂಬ ಇದ್ದಾರೆ. ಅಂಗಡಿ ಬೋರ್ಡುಗಳೆಲ್ಲ ಹಂಗುಲ್. ಅವರ ವಾರಾಂತ್ಯದ ಶಾಲೆಗಳಿಗೆ 'ಹಂಗುಲ್ ಹಕ್ಕ್ಯೊ' ಎನ್ನುತ್ತಾರೆ. ಎಷ್ಟೋ ಶಾಲೆಗಳು ಚರ್ಚ್ ಕಟ್ಟಡದಲ್ಲಿ ಶನಿವಾರ ಬೆಳಿಗ್ಗೆ ನಡೆಯುತ್ತವೆ. ಕಲಿಸುವವರು ಬಹುಪಾಲು ಅಮ್ಮಂದಿರು. ಮೊದಲು ಭಾಷೆ, ಆಮೇಲೆ ಟೇಕ್ವಾಂಡೊ, ಜಾಂಗ್ಗು ಡೋಲು, ಕುಂಚದ ಬರವಣಿಗೆ. ಹೊರದೇಶದ ಕೊರಿಯನ್ನರು ಸುಮಾರು 70 ಲಕ್ಷ ಜನ. ಅವರಿಗಾಗಿಯೇ 2023ರಲ್ಲಿ ಕೊರಿಯಾ ಸರ್ಕಾರ ಒಂದು ಪ್ರತ್ಯೇಕ ಇಲಾಖೆ ತೆರೆದಿದೆ. ಈ ಶಾಲೆಗಳಿಗೆ ಪಠ್ಯಪುಸ್ತಕ, ಶಿಕ್ಷಕರ ತರಬೇತಿ ಅಲ್ಲಿಂದ ಬರುತ್ತದೆ. ನಮಗೆ ಇದು ಕಲಿಯುವ ವಿಷಯ.

ಅವರ ಕಷ್ಟವೂ ನಮ್ಮದೇ. ಪುಟ್ಟ ಮಕ್ಕಳು ಖುಷಿಯಿಂದ ಬರುತ್ತಾರೆ. ಆರು, ಏಳನೇ ಕ್ಲಾಸಿಗೆ ಬಂದ ಮೇಲೆ ಸಾಕರ್, ಗಣಿತದ ಟ್ಯೂಷನ್ ಎಂದು ಬಿಡುತ್ತಾರೆ. ಮುಂಚೆ ಇಲ್ಲಿ ಕಾಲೇಜು ಸೇರಲು ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಕೊರಿಯನ್ ಒಂದು ವಿಷಯವಾಗಿತ್ತು. 1997ರಲ್ಲಿ ಶುರುವಾಗಿತ್ತು. ಕಾಲೇಜಿಗೆ ಉಪಯೋಗ ಎಂದು ದೊಡ್ಡ ಮಕ್ಕಳೂ ಕೂರುತ್ತಿದ್ದರು. 2021ರಲ್ಲಿ ಆ ವಿಷಯ ಪರೀಕ್ಷೆಗಳನ್ನೇ ನಿಲ್ಲಿಸಿದರು. ಪರೀಕ್ಷೆಯ ಆಸೆಗೆ ಬಂದವರು ಪರೀಕ್ಷೆ ಹೋದ ಮೇಲೆ ಯಾಕೆ ಬರುತ್ತಾರೆ?

ಇನ್ನೊಂದು ಗಮನಿಸಿದೆ. ಮನೆಯಲ್ಲಿ ಕೊರಿಯನ್ ಕೇಳಿ ಬೆಳೆದ ಮಗುವಿಗೆ ಅರ್ಥ ಎಲ್ಲ ಆಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್‌ನಲ್ಲಿ. ಮಾತಾಡಿದರೂ 'ನೀನು' ಮಾತು, ಅವರು ಪನ್ಮಲ್ ಎನ್ನುವುದು. ಅಪ್ಪ ಅಮ್ಮ ಮಗುವಿನ ಜೊತೆ ಹಾಗೇ ಮಾತಾಡುತ್ತಾರಲ್ಲ, ಮಗು ಕೇಳಿದ್ದು ಅದೊಂದೇ. ನಮ್ಮ ಮಕ್ಕಳೂ ಮನೆಗೆ ಬಂದ ಹಿರಿಯರಿಗೆ 'ಅಂಕಲ್, ನೀನು ಕೂತ್ಕೋ' ಎನ್ನುತ್ತಾರೆ. ಅದರಲ್ಲಿ ಅಗೌರವ ಇಲ್ಲ, ಬಹುವಚನ ಅವರ ಕಿವಿಗೇ ಬಿದ್ದಿಲ್ಲ. ಮಲ್ಲೇಶ್ವರದ ಮಕ್ಕಳಿಗೆ ಈ ತೊಂದರೆ ಇಲ್ಲ. ಅವರು ಸೊನ್ನೆಯಿಂದ ಶುರು ಮಾಡುವವರು. ಇಬ್ಬರನ್ನೂ ಒಂದೇ ಪುಸ್ತಕದಿಂದ ಕಲಿಸಲು ಆಗುವುದಿಲ್ಲ.

ಜಯನಗರದ ಅಪ್ಪ

ನನ್ನ ಮಗಳು ಒಂಬತ್ತನೇ ಕ್ಲಾಸು. ಡ್ರಾಮಾ ನೋಡಿಯೇ ಕಲಿತಿದ್ದಾಳೆ, ಚೆನ್ನಾಗಿ ಮಾತಾಡುತ್ತಾಳೆ ಅನ್ನಿಸುತ್ತದೆ. ಟೋಪಿಕ್ ಅಂತ ಕೊರಿಯನ್ ಭಾಷೆ ಎಷ್ಟು ಬರುತ್ತದೆ ಎಂದು ಅಳೆಯುವ ಪರೀಕ್ಷೆ ಇದೆಯಂತೆ, ಅದನ್ನು ಬರೆಯುತ್ತೇನೆ ಅನ್ನುತ್ತಿದ್ದಾಳೆ. ಈಗಲೇ ಬರೆಸಬಹುದಾ?

ಮಲ್ಲೇಶ್ವರದ ಕೊರಿಯನ್ ಟೀಚರ್

ಸರ್, ಬರೆಸಬಹುದು. ಆದರೆ ಅದು ಏನು ಅಳೆಯುತ್ತದೆ ಎಂದು ನೋಡಿ. ಶುರುವಿನವರಿಗಾಗಿ ಇರುವ ಟೋಪಿಕ್ 1ರಲ್ಲಿ ಕೇಳುವುದು ಮತ್ತು ಓದುವುದು ಮಾತ್ರ. 30 ಪ್ರಶ್ನೆ ಕೇಳಿ ಉತ್ತರಿಸುವುದು, 40 ಓದಿ ಉತ್ತರಿಸುವುದು. ಒಟ್ಟು 200 ಅಂಕ. 80 ಬಂದರೆ ಮೊದಲನೇ ಹಂತ, 140 ಬಂದರೆ ಎರಡನೆಯದು. ಮೊದಲ ಹಂತಕ್ಕೆ ಸುಮಾರು 800 ಪದ ಗೊತ್ತಿರಬೇಕು. ಮಾತು, ಬರವಣಿಗೆ ಅದರಲ್ಲಿ ಇಲ್ಲ. ಮಗಳಿಗೆ ಉತ್ಸಾಹ ಇದ್ದರೆ ಬರೆಯಲಿ. ಏಳೆಂಟನೇ ಕ್ಲಾಸಿನ ಮಕ್ಕಳನ್ನು ಅಂಕಕ್ಕಾಗಿ ತಳ್ಳುವುದು ಮಾತ್ರ ನನಗೆ ಇಷ್ಟವಿಲ್ಲ. ಭಾಷೆಯೂ ಇನ್ನೊಂದು ಟ್ಯೂಷನ್ ಆಗಿಬಿಡುತ್ತದೆ. ನ್ಯೂಜೆರ್ಸಿ ಸರ್ ಹೇಳಿದ್ದನ್ನು ಓದಿದಿರಲ್ಲ.

ಡ್ರಾಮಾದಿಂದ ಕಲಿತವರಿಗೆ ಒಂದು ಕೊರತೆ ಇರುತ್ತದೆ. ಅಲ್ಲಿ ಗೆಳೆಯರು ಗೆಳೆಯರ ಜೊತೆ ಆಡುವ ಮಾತು ಜಾಸ್ತಿ. ಅದನ್ನೇ ತಂದು ಟೀಚರ್ ಹತ್ತಿರ ಆಡಿದರೆ ಸರಿಯಾಗುವುದಿಲ್ಲ. ನಾನು ಮೊದಲ ವರ್ಷ ಪೂರ್ತಿ ಕೊನೆಗೆ 'ಯೊ' ಬರುವ ಮಾತನ್ನೇ ಕಲಿಸುತ್ತೇನೆ. ಅದು ಎಲ್ಲರ ಹತ್ತಿರವೂ ನಡೆಯುತ್ತದೆ. ಇಲ್ಲಿ ಮತ್ತೆ ಕನ್ನಡವೇ ಸಹಾಯಕ್ಕೆ ಬರುತ್ತದೆ. 'ಊಟ ಮಾಡಿದ್ಯಾ', 'ಊಟ ಮಾಡಿದ್ರಾ' ಎರಡರ ನಡುವೆ ಏನು ವ್ಯತ್ಯಾಸ ಎಂದು ನಮ್ಮ ಮಗುವಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕೊರಿಯನ್ನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ ಪದವೇ ಬದಲಾಗುತ್ತದೆ. ಮಗುವಿನ ಊಟ 'ಪಪ್', ಅಜ್ಜನ ಊಟ 'ಚಿಂಜಿ'. ಮಗು ಮಲಗುವುದಕ್ಕೆ ಒಂದು ಕ್ರಿಯಾಪದ, ಅಜ್ಜ ಮಲಗುವುದಕ್ಕೆ ಇನ್ನೊಂದು. ಎದುರಿಗೆ ಸಿಕ್ಕವರನ್ನು ಊಟ ಆಯ್ತಾ ಎಂದು ಕೇಳುವುದೂ ಅವರಲ್ಲಿ ಇದೆ.

ಸಾಗರದಿಂದ ಒಬ್ಬ ಓದುಗ

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು ಟೀಚರ್. ಇನ್ನೂ ಒಂದು ಕೇಳುತ್ತೇನೆ. ಲಿಪಿಯ ಬಗ್ಗೆ ಅವರಿಗೆ ಇಷ್ಟು ಅಭಿಮಾನ ಹೇಗೆ ಬಂತು? ಮಕ್ಕಳಿಗೆ ಅದನ್ನು ಹೇಳುತ್ತೀರಾ?

ಮಲ್ಲೇಶ್ವರದ ಕೊರಿಯನ್ ಟೀಚರ್

ಹೇಳುತ್ತೇನೆ. ಏಳನೇ ಕ್ಲಾಸಿನ ಮೇಲಿನವರಿಗೆ ಹೇಳಲೇಬೇಕು. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ಆಳ್ವಿಕೆಯಲ್ಲಿತ್ತು. 1938ರ ಹೊತ್ತಿಗೆ ಶಾಲೆಗಳಲ್ಲಿ ಕೊರಿಯನ್ ಕಡ್ಡಾಯ ವಿಷಯವಾಗಿ ಉಳಿಯಲಿಲ್ಲ, ಬೇಗನೆ ಮರೆಯಾಯಿತು. ಹೆಸರುಗಳನ್ನೂ ಜಪಾನಿ ಹೆಸರಿಗೆ ಬದಲಿಸಿಕೊಳ್ಳಲು ಒತ್ತಾಯ ಬಂತು. ನಿಘಂಟು ಮಾಡುತ್ತಿದ್ದ ಕೊರಿಯನ್ ಭಾಷಾ ಸಂಘದವರನ್ನು 1942ರಲ್ಲಿ ಬಂಧಿಸಿದರು. ಅಂದರೆ ಅಲ್ಲಿ ಒಂದು ತಲೆಮಾರಿನ ಮಕ್ಕಳು ಶಾಲೆಯಲ್ಲಿ ತಮ್ಮ ಭಾಷೆ ಕಲಿಯಲಿಲ್ಲ. ಅಕ್ಟೋಬರ್ 9 ಹಂಗುಲ್ ದಿನ. 1991ರಲ್ಲಿ ಅದರ ರಜೆ ತೆಗೆದಿದ್ದರು. ಜನ ಕೇಳಿ ಕೇಳಿ 2013ರಿಂದ ಮತ್ತೆ ರಜೆ ಬಂತು. ಶಿಕ್ಷಕರ ದಿನ ಮೇ 15, ಅದು ಸೆಜೊಂಗ್ ಹುಟ್ಟಿದ ದಿನ. ಭಾಷೆಯ ವಿಷಯದಲ್ಲಿ ನೋವು ಉಂಡ ಜನ ಎಂದು ತಿಳಿದ ಮೇಲೆ ಮಕ್ಕಳು ಆ ಅಕ್ಷರಗಳನ್ನು ಬರೆಯುವ ರೀತಿಯೇ ಬೇರೆಯಾಗುತ್ತದೆ.

ಸುವೋನ್‌ನಲ್ಲಿರುವ ಅಮ್ಮ

ಟೀಚರ್, ಆಟಗಳನ್ನು ಮರೆಯಬೇಡಿ. ಭಾಷೆ ಬಾಯಿಗೆ ಹತ್ತುವುದು ಆಟದಲ್ಲೇ.

ಯುನ್ನೊರಿ ಎಂಬ ಆಟ ಇದೆ, ಹೊಸ ವರ್ಷದ ಹಬ್ಬ ಸೊಲ್ಲಾಲ್‌ನಲ್ಲಿ ಮನೆಮಂದಿಯೆಲ್ಲ ಆಡುತ್ತಾರೆ. ನಾಲ್ಕು ಮರದ ಕಡ್ಡಿ. ಒಂದು ಕಡೆ ಚಪ್ಪಟೆ, ಒಂದು ಕಡೆ ಉಬ್ಬು. ಎಸೆದಾಗ ಎಷ್ಟು ಚಪ್ಪಟೆ ಮೇಲಾಗಿ ಬಿದ್ದವೋ ಅಷ್ಟು ಮನೆ. ತೊ, ಕೆ, ಕೊಲ್, ಯುತ್, ಮೊ ಎಂದು ಒಂದರಿಂದ ಐದು. ಹಂದಿ, ನಾಯಿ, ಕುರಿ, ಎತ್ತು, ಕುದುರೆ ಎಂದು ಅರ್ಥ ಹೇಳುತ್ತಾರೆ. ನಾಲ್ಕೂ ಚಪ್ಪಟೆ ಬಿದ್ದರೆ ನಾಲ್ಕು, ನಾಲ್ಕೂ ಉಬ್ಬು ಬಿದ್ದರೆ ಐದು. ಎರಡಕ್ಕೂ ಇನ್ನೊಂದು ಆಟ ಸಿಗುತ್ತದೆ. ಎದುರಾಳಿಯ ಕಾಯಿ ಹೊಡೆದರೂ ಇನ್ನೊಂದು ಆಟ. ಒಬ್ಬರಿಗೆ ನಾಲ್ಕು ಕಾಯಿ. ಓದುವಾಗಲೇ ನಿಮಗೆ ಹೊಳೆದಿರಬೇಕು, ಇದು ನಮ್ಮ ಚೌಕಾಬಾರದ ಥರವೇ! ಕವಡೆ ಬದಲು ಕಡ್ಡಿ ಅಷ್ಟೆ. ಊರಿನಿಂದ ಅತ್ತೆ ಬಂದಿದ್ದಾಗ ನಿಯಮ ಹೇಳುವ ಮುಂಚೆಯೇ ಆಡತೊಡಗಿದರು.

ಇನ್ನೊಂದು ಕೊಂಗಿ. ಐದು ಕಲ್ಲಿನ ಆಟ. ಇಲ್ಲಿ ಬಣ್ಣದ ಪ್ಲಾಸ್ಟಿಕ್ ಕಲ್ಲು ಅಂಗಡಿಯಲ್ಲಿ ಸಿಗುತ್ತದೆ. ಒಂದೊಂದಾಗಿ ಎತ್ತುವುದು, ಎರಡೆರಡು, ಮೂರು ಮತ್ತು ಒಂದು, ಆಮೇಲೆ ನಾಲ್ಕೂ ಒಟ್ಟಿಗೆ. ಕೊನೆಗೆ ಅಂಗೈ ಹಿಂಭಾಗದ ಮೇಲೆ ಹಿಡಿದು, ಮತ್ತೆ ಹಾರಿಸಿ ಗಪ್ಪನೆ ಹಿಡಿಯಬೇಕು. ಹಿಡಿದ ಕಲ್ಲು ಎಷ್ಟೋ ಅಷ್ಟು 'ವರ್ಷ' ಎಂದು ಅಂಕ ಲೆಕ್ಕ. ನಮ್ಮ ಮಗಳಿಗೆ ಮೊದಲ ಗೆಳತಿಯರು ಸಿಕ್ಕಿದ್ದು ಇದರಿಂದಲೇ. ಊರಲ್ಲಿ ಅಜ್ಜಿಯ ಹತ್ತಿರ ಬೆಣಚುಕಲ್ಲಿನಲ್ಲಿ ಆಡಿ ಕೈ ಪಳಗಿತ್ತು, ಭಾಷೆ ಬರದಿದ್ದರೂ ಇಲ್ಲಿ ಗೆದ್ದಳು.

ಊಟದ ವಿಷಯದಲ್ಲಿ ಸಸ್ಯಾಹಾರಿ ಮನೆಯವರಿಗೆ ಒಂದು ಮಾತು. ಕ್ಲಾಸಿನಲ್ಲಿ ಕಿಮ್ಚಿ ತಿನ್ನಿಸುವ ಮುಂಚೆ ಡಬ್ಬಿಯ ಮೇಲೆ ಓದಿ ನೋಡಿ. ಸಾಮಾನ್ಯವಾಗಿ ಉಪ್ಪು ಹಾಕಿದ ಸಿಗಡಿ ಅಥವಾ ಮೀನಿನ ರಸ ಇರುತ್ತದೆ. ಮನೆಯಲ್ಲೇ ಅದಿಲ್ಲದೆ ಮಾಡಬಹುದು. ಚುಸೊಕ್ ಹಬ್ಬದ ಸೊಂಗ್‌ಪ್ಯೊನ್ ಇನ್ನೂ ಒಳ್ಳೆಯದು. ಅಕ್ಕಿಹಿಟ್ಟಿನೊಳಗೆ ಎಳ್ಳು ಸಕ್ಕರೆ ಅಥವಾ ಕಾಳಿನ ಹೂರಣ ಇಟ್ಟು ಅರ್ಧಚಂದ್ರದ ಹಾಗೆ ಮಡಿಸಿ, ಪೈನ್ ಎಲೆಯ ಮೇಲೆ ಹಬೆಯಲ್ಲಿ ಬೇಯಿಸುತ್ತಾರೆ. ಪೈನ್ ಎಲೆ ಇಲ್ಲದಿದ್ದರೆ ಬಾಳೆ ಎಲೆ ಹಾಕಿ. ಕಡುಬು ಮಾಡಲು ಬರುವವರಿಗೆ ಇದು ಬರುತ್ತದೆ.

ಜಯನಗರದ ಅಪ್ಪ

ಇದನ್ನೆಲ್ಲ ಮಗಳಿಗೆ ಓದಿಸಿದೆ. ಚೌಕಾಬಾರ ಕಲಿಸು ಅಂತ ಈಗ ಅಜ್ಜಿಯ ಬೆನ್ನು ಹತ್ತಿದ್ದಾಳೆ. ಟೋಪಿಕ್ ಮುಂದಿನ ವರ್ಷ ನೋಡೋಣ ಅಂದಿದ್ದಾಳೆ.

ಮಂಡ್ಯದ ಹೈಸ್ಕೂಲ್ ಟೀಚರ್

ಒಂದು ಪ್ರಶ್ನೆ. ನಮ್ಮಂಥ ಊರಿನಲ್ಲಿ ಕಲಿಸುವವರೇ ಇಲ್ಲ. ನನ್ನ ಕ್ಲಾಸಿನಲ್ಲಿ ನಾಲ್ಕೈದು ಹುಡುಗಿಯರಿಗೆ ತುಂಬ ಆಸೆ. ಎಲ್ಲಿಂದ ಶುರು ಮಾಡಲಿ?

ಮಲ್ಲೇಶ್ವರದ ಕೊರಿಯನ್ ಟೀಚರ್

ಮೇಡಂ, ಶುರು ಮಾಡಲು ದೊಡ್ಡ ಸಿದ್ಧತೆ ಬೇಡ. ದೆಹಲಿಯಲ್ಲಿ 2012ರಿಂದ ಕೊರಿಯನ್ ಸಾಂಸ್ಕೃತಿಕ ಕೇಂದ್ರ ಇದೆ. ಚೆನ್ನೈಯಲ್ಲಿ 2006ರಿಂದ ಇಂಕೊ ಸೆಂಟರ್ ಎಂಬ ಭಾರತ-ಕೊರಿಯಾ ಸಾಂಸ್ಕೃತಿಕ ಕೇಂದ್ರ ಇದೆ. ಸೆಜೊಂಗ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯ ಪಾಠಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಆದರೆ ಅವು ಬಹುಪಾಲು ಇಂಗ್ಲಿಷ್‌ನಲ್ಲಿ ಅಥವಾ ನೇರ ಕೊರಿಯನ್ನಲ್ಲಿ. ನಿಮ್ಮ ಹುಡುಗಿಯರಿಗೆ ಮೊದಲ ಮೆಟ್ಟಿಲು ಕನ್ನಡದಲ್ಲಿ ಇರಲಿ.

ಹೀಗೆ ಮಾಡಿ. ಚೌಕುಳಿ ನೋಟ್‌ಬುಕ್ ತೆಗೆದುಕೊಳ್ಳಿ. ಮೊದಲು 'ನ', 'ಮ', 'ಸ' ಮೂರು ವ್ಯಂಜನ, 'ಅ', 'ಒ', 'ಇ' ಮೂರು ಸ್ವರ ಸಾಕು. ಆರು ಅಕ್ಷರದಲ್ಲಿ ಎಷ್ಟು ಗುಚ್ಛ ಆಗುತ್ತದೋ ಬರೆಸಿ. ಬಚ್ಚಿಮ್ ಆಮೇಲೆ. ಹೊಸ ಅಕ್ಷರ ಬಂದಾಗ ತಮ್ಮ ಹೆಸರು, ಊರಿನ ಹೆಸರು ಬರೆಯಲಿ. ಅಕ್ಷರ ಪೂರ್ತಿ ಬಂದ ಮೇಲೆ ಮೊದಲ ವಾಕ್ಯಗಳನ್ನು ಕನ್ನಡದ ಕೆಳಗೆ ಪದಕ್ಕೆ ಪದ ಇಟ್ಟು ಬರೆಸಿ. 'ನಾನು', 'ನಾನೂ', 'ಶಾಲೆಗೆ', 'ಅಮ್ಮನ ಜೊತೆ'. 'ನಾನೂ' ಎಂಬುದಕ್ಕೆ 'ನಾದೊ'. ಇಲ್ಲಿ ನಾವು ಸ್ವರ ಎಳೆಯುತ್ತೇವೆ, ಅವರು 'ದೊ' ಅಂಟಿಸುತ್ತಾರೆ. ಪದದ ಮೂಲಾರ್ಥ ಹಿಡಿದ ಮೇಲೆ ಕನ್ನಡದ ಸಾಲನ್ನು ಮುಚ್ಚಿಬಿಡಿ. ಚಿತ್ರದ ಡೈರಿ ಆಗ ಶುರು ಮಾಡಬಹುದು.

ಒಂದು ಕಡೆ ಮಾತ್ರ ಕನ್ನಡವೂ ಕೈಕೊಡುತ್ತದೆ, ಮೊದಲೇ ಹೇಳಿಬಿಡುತ್ತೇನೆ. 'ಉನ್, ನುನ್' ಮತ್ತು 'ಇ, ಕ' ಎಂಬ ಎರಡು ಜೋಡಿ ಪ್ರತ್ಯಯಗಳಿವೆ. ಮೊದಲನೆಯದು ಯಾವುದರ ಬಗ್ಗೆ ಮಾತು ಎಂದು ತೋರಿಸುತ್ತದೆ, ಎರಡನೆಯದು ಯಾರು ಮಾಡಿದರು ಎಂದು. ನಮ್ಮಲ್ಲಿ ಎರಡಕ್ಕೂ ಬರೀ 'ನಾನು'. ಇದಕ್ಕೆ ನಿಯಮ ಬಾಯಿಪಾಠ ಮಾಡಿಸಬೇಡಿ. ವಾಕ್ಯಗಳನ್ನು ಬಹಳ ಸಲ ಓದಿಸಿ, ಕಿವಿಗೆ ಬೀಳಲಿ.

ನಾನು ಮೊದಲ ತಿಂಗಳ ಪಾಠಗಳನ್ನು ಕನ್ನಡದಲ್ಲಿ ಬರೆದು ಇಲ್ಲೇ ಹಾಕುತ್ತೇನೆ. ಮೈಸೂರಿನವರು ಧ್ವನಿಯ ಭಾಗ ನೋಡಿಕೊಟ್ಟರೆ ಒಳ್ಳೆಯದು. ಸುವೋನ್ ಅಕ್ಕ, ಸಾಧ್ಯವಾದರೆ ಮಗಳಿಂದ ಒಂದಷ್ಟು ಪದ ಓದಿಸಿ ರೆಕಾರ್ಡ್ ಮಾಡಿ ಕಳಿಸಿ. ಕನ್ನಡದ ಮಗುವಿನ ಬಾಯಲ್ಲಿ ಕೇಳಿದರೆ ಮಂಡ್ಯದ ಮಕ್ಕಳಿಗೂ ಧೈರ್ಯ ಬರುತ್ತದೆ.

ಸುವೋನ್‌ನಲ್ಲಿರುವ ಅಮ್ಮ

ಖಂಡಿತ ಕಳಿಸುತ್ತೇನೆ. ಚಂದ್ರ, ಮುಖವಾಡ, ಮಗಳು ಮೂರನ್ನೂ ಮೊದಲು ಓದಿಸುತ್ತೇನೆ.

ಮೈಸೂರಿನ ಭಾಷಾಶಾಸ್ತ್ರ ವಿದ್ಯಾರ್ಥಿ

ಧ್ವನಿಯ ಭಾಗ ನನಗಿರಲಿ ಟೀಚರ್. ಆ ಎರಡು ಸ್ವರಗಳಿಗೆ ಬಾಯಿಯ ಚಿತ್ರ ಬರೆದುಕೊಡುತ್ತೇನೆ.